ಕಡೇ ಇಪ್ಪತ್ತು ಅಡಿ

"ಆ ಕಲ್ಲು ಸರಸು, ಮುರಗೆಪ್ಪ," ಎಂದಳು ಶಿವಗಂಗವ್ವ.

ಮೈದುನ ಮುರಗೆಪ್ಪ ಆಗಷ್ಟೇ ಹೊಲದ ಹಳೇ ಬೋರಿನ ಬಾಯಿಗೆ ಚಪ್ಪಡಿ ಎಳೆದು ಕೈ ಝಾಡಿಸಿ ನಿಂತಿದ್ದ. ಹತ್ತು ಮಾರು ಆಚೆ ಅವನ ಅಣ್ಣ ವಿರುಪಾಕ್ಷಪ್ಪನಿಗೆ ಕುಣಿ ತೋಡುತ್ತಿದ್ದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಈಗ ಪಡಸಾಲೆಯಲ್ಲಿ ಅವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಭಜನೆ ನಡೆದಿತ್ತು. ಇಂಥ ಹೊತ್ತಿನಲ್ಲಿ ಹೆಂಡತಿಯಾದವಳು ಹೊಲಕ್ಕೆ ಬಂದು ನಿಂತರೆ ಜುಗೂಳ ಊರಿನ ಮಂದಿ ಸುಮ್ಮನಿರುತ್ತಾರೆಯೇ!

"ವೈನಿ, ಎಲ್ಲಾರೂ ನೋಡಾಕತ್ತಾರ್ರಿ. ಮನೀಗೆ ನಡೀರಿ. ಕಲ್ಲು ಮುಚ್ಚೇನಲ್ಲ, ಸಾಕು."

"ಕಲ್ಲು ಮುಚ್ಚಿದ್ರ ಮ್ಯಾಲಿನ ಬಾಯಿ ಅಷ್ಟ ಮುಚ್ಚತೈತಿ. ಒಳಗಿನ ಸವುಳು ನೀರು ಊರ ಬಾವಿಗೆ ಹೋಗೂದು ನಿಲ್ಲತೈತೇನು? ಕೆಳಗ ಎರಡು ಸಿಮೆಂಟಿನ ಬೂಚು ನಿಮ್ಮಣ್ಣ ಹಾಕ್ಯಾರ. ಕಡೇ ಇಪ್ಪತ್ತು ಅಡಿ ಉಳದೈತಿ. ಇವತ್ತ ಮಣ್ಣು ಮಾಡಿ ಹೋದಿವಂದ್ರ ಈ ಕಲ್ಲು ಮತ್ತ ಯಾರೂ ಸರಸೂದಿಲ್ಲ. ಇದು ಮುಗಿಯೂತನಕ ಅವರನ್ನ ಎತ್ತಾಕ ಬಿಡೂದಿಲ್ಲ ನಾ."

ಮುರಗೆಪ್ಪ ಬಗ್ಗಿ ಚಪ್ಪಡಿಗೆ ಕೈ ಹಚ್ಚಿದ.

*

೧೯೮೪ರಲ್ಲಿ ಅವರು ಗುಜರಾತಿನ ಅಂಕಲೇಶ್ವರದಲ್ಲಿದ್ದರು. ವಿರುಪಾಕ್ಷಪ್ಪ ಎಣ್ಣೆ ಬಾವಿಗಳ ಎಂಜಿನಿಯರು. ಬತ್ತಿದ ಬಾವಿಗೆ ತಳದಿಂದ ಹಂತ ಹಂತವಾಗಿ ಸಿಮೆಂಟಿನ ಬೂಚು ಕಟ್ಟುತ್ತ ಮೇಲೆ ಬರುವುದೇ ಅವನ ಕೆಲಸ. ರಜೆಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ನಗೆಯೋ ನಗೆ: "ಮಂದಿ ಬಾವಿ ತಗೀತಾರ, ನಮ್ಮ ಇಂಜಿನೇರ್ ಸಾಹೇಬ ಮುಚ್ಚತಾನ!" ಎಲ್ಲರಿಗಿಂತ ಜೋರಾಗಿ ನಕ್ಕವನು ಮುರಗೆಪ್ಪನೇ. ಅವಳಿಗೆ ಮೈಯೆಲ್ಲ ಉರಿದಿತ್ತು.

"ನಿಮಗ ಸಿಟ್ಟು ಬರೂದಿಲ್ಲೇನ್ರಿ?"

"ಯಾಕ ಬರಬೇಕ ಗಂಗಾ? ತಗದವರ ಹೆಸರು ಪೇಪರಿನ್ಯಾಗ ಬರತೈತಿ. ನಾ ಮುಚ್ಚಿದಲ್ಲಿ ಜ್ವಾಳ ಬರತೈತಿ." ರೊಟ್ಟಿ ಮುರಿಯುತ್ತ ಅವನು ನಕ್ಕಿದ್ದ. "ಒಂದ ಮಾತು. ಕೆಳಗಿನ ಬೂಚಿನ ಮ್ಯಾಲ ಭಾರ ಬಿಟ್ಟು ನೋಡಲಾರದ ಮ್ಯಾಲಿಂದು ಹಾಕಬಾರದು."

*

ಚಪ್ಪಡಿ ಸರಿಯಿತು. ಶಿವಗಂಗವ್ವ ಸೆರಗು ಸಿಕ್ಕಿಸಿಕೊಂಡು, ಹಗ್ಗಕ್ಕೆ ಹಾರೆ ಕಟ್ಟಿ ಒಳಗೆ ಬಿಟ್ಟಳು. ಇಪ್ಪತ್ತು ಅಡಿಗೆ ಹಗ್ಗ ಸಡಿಲಾಯಿತು. ಎತ್ತಿ ಕುಕ್ಕಿದಳು. ಠಣ್ ಎಂದಿತು. ಮತ್ತೆ ಕುಕ್ಕಿದಳು. ಹಾರೆ ಒಂದು ಬೆರಳೂ ಇಳಿಯಲಿಲ್ಲ.

"ಬೂಚು ಹಿಡದೈತಿ," ಎಂದವಳಿಗೆ ನಿನ್ನೆಯಿಂದ ಬಾರದ ಅಳು ಈಗ ಒತ್ತರಿಸಿ ಬಂತು. ಅಳುತ್ತಲೇ, ಗಂಡ ತಂದಿಟ್ಟಿದ್ದ ಸಿಮೆಂಟಿಗೆ ಎಷ್ಟು ನೀರು ಬೇಕೆಂದು ಹೇಳಿದಳು. ಕುಣಿ ತೋಡುವವರೂ ಬಂದು ನೀರು ಹೊತ್ತು ಕೊಟ್ಟರು. ಮುರಗೆಪ್ಪ ತಾನೇ ಕಲಸಿ, ತಾನೇ ಸುರಿದ.

ಹೊತ್ತು ಇಳಿಯುವಾಗ ವಿರುಪಾಕ್ಷಪ್ಪನನ್ನು ತಂದು ಕುಣಿಯಲ್ಲಿ ಕೂರಿಸಿದರು. ಸ್ವಾಮಿಗಳು ಮಂತ್ರ ಮುಗಿಸಿದರು; ವಿಭೂತಿ, ಉಪ್ಪು ಬಿದ್ದವು. ಜನ ಸಲಿಕೆ ಹಿಡಿದು ಸುತ್ತಲಿನಿಂದ ಗಡಬಡಿಸಿ ಮಣ್ಣು ನೂಕತೊಡಗಿದರು.

"ತಡೀರಿ!" ಎಂದ ಮುರಗೆಪ್ಪ. "ಹಂಗಲ್ಲ. ಕೆಳಗಿಂದ."

ಕುಣಿಯೊಳಗೆ ಇಳಿದು, ಒಂದು ಬುಟ್ಟಿ ಮಣ್ಣನ್ನು ಅಣ್ಣನ ಸುತ್ತ ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದ. ಮೈಭಾರವನ್ನೆಲ್ಲ ಕೈಮೇಲೆ ಬಿಟ್ಟು ನೋಡಿದ. ಆಮೇಲೆ ತಲೆಯೆತ್ತಿ ವೈನಿಯ ಮುಖ ನೋಡಿದ.

ಶಿವಗಂಗವ್ವ ತಲೆ ಆಡಿಸಿದ ಮೇಲೆಯೇ ಎರಡನೇ ಬುಟ್ಟಿ ಮಣ್ಣು ಇಳಿಯಿತು.