ಸೂಗಮ್ಮನ ಕಿವಿ

ಭಂಕೂರಿನಲ್ಲಿ ನಮ್ಮ ಪಕ್ಕದ ಮನೆಯ ಅಣ್ಣತಮ್ಮಂದಿರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ನಾಗೇಂದ್ರಪ್ಪ ಹಿರಿಯ, ಕಲ್ಯಾಣಪ್ಪ ಕಿರಿಯ. ಇಬ್ಬರೂ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವರು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದರು. ಮಾತು ಮಾತ್ರ ತಾಯಿ ಸೂಗಮ್ಮನ ಮುಖಾಂತರ.

“ಯವ್ವಾ, ಅವಗ ಹೇಳು, ನನ್ನ ಉಳಿ ಮುಟ್ಟಬ್ಯಾಡ ಅಂತ.”

“ಯವ್ವಾ, ಅವಗ ಹೇಳು, ನಾಯಿ ಮುಟ್ಟಿದ್ದು ನಾ ಮುಟ್ಟಂಗಿಲ್ಲ ಅಂತ.”

ಮುದುಕಿ ಹೇಳಲೇಬೇಕು. ಹೇಳದಿದ್ದರೆ, “ನೀ ಅವನ ಕಡೀನೇ” ಅನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಸೂಗಮ್ಮನಿಗೆ ಕಿವಿ ಕೇಳಿಸದಾಯಿತು. ಊಟ ಇಳಿಯಿತು, ನಿದ್ದೆ ಹೋಯಿತು. ವಯಸ್ಸಾಯಿತು ಎಂದರು ಮಕ್ಕಳು. ಒಂದು ಮಧ್ಯಾಹ್ನ ನಾಗೇಂದ್ರಪ್ಪ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದ. ಕಲ್ಯಾಣಪ್ಪ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಬಟ್ಟಲಿನಿಂದ ಹೊಗೆ ಏಳುತ್ತಿತ್ತು. ಮುದುಕಿ ತಾನೇ ಹೊರಳಿ ಕಿವಿ ಕೊಟ್ಟು ಮಲಗಿದಳು.

ಅಷ್ಟರಲ್ಲಿ ಸೂಲಗಿತ್ತಿ ಹಮೀದಾಬಿ ಬಂದಳು. ಆ ಇಬ್ಬರು ಮಕ್ಕಳನ್ನೂ ಹುಟ್ಟಿದಾಗ ಕೈಯಲ್ಲಿ ಹಿಡಿದವಳು.

“ಏನ್ ಮಾಡ್ಲಿಕತ್ತಿ?”

“ಅವ್ವನ ಕಿವಿ ಹೋಗ್ಯಾವ, ಚಾಚಿ. ಬಿಸಿ ಎಣ್ಣಿ ಬಿಟ್ರ ತಗೀತಾವ.”

ಹಮೀದಾಬಿ ಅವನ ಕೈ ತಡೆದಳು. ಮುದುಕಿಯ ಬೆನ್ನ ಹಿಂದೆ ಕೂತು ಮೆಲ್ಲಗೆ ಅಂದಳು: “ಅಕ್ಕಾ, ಸುಡೋ ಎಣ್ಣಿ ಅದ. ಖರೇನೇ ಕೇಳಸಂಗಿಲ್ಲೇನು ನಿಂಗ?”

ಮುದುಕಿ ಮಲಗಿದಲ್ಲಿಂದಲೇ ಅಂದಳು:

“ಕೇಳಸ್ತದ, ಹಮೀದಾ. ಕೇಳಸ್ತದ ಅಂದ್ರ ಅವರ ಮಾತು ಹೇಳಬೇಕಾಗ್ತದ. ಎಣ್ಣಿ ಬಿಡ್ತಾನಂದ್ರ ಬಿಡಲಿ.”

ಬಾಗಿಲಲ್ಲಿ ನಿಂತಿದ್ದ ನನಗೂ ಅದು ಕೇಳಿಸಿತು. ಒಳ್ಳೆಯ ಕಿವಿ ಸುಟ್ಟುಹೋಗಲಿ ಎಂದೇ ಮಲಗಿದ್ದಳು ಆ ತಾಯಿ.

“ನಾವು ಅವ್ವಗ ಒಂದು ದಿನ ಬಿರಸ ಮಾತಾಡಿಲ್ಲಲ್ಲ,” ಎಂದ ನಾಗೇಂದ್ರಪ್ಪ.

“ಆಡಿಲ್ಲ, ಆಡಿಸೀರಿ,” ಎಂದಳು ಹಮೀದಾಬಿ. “ ನೀವೇನು ತಾಲೂಕದಾರ ಸಾಹೇಬ್ರೇನು, ಹೆತ್ತಾಕಿನ್ನ ಮಾತು ಒಯ್ಯೋ ಚಪರಾಸಿ ಮಾಡ್ಕೊಂಡೀರಿ? ಒಬ್ಬ ಮಗನ ಬೈಗುಳ ಇನ್ನೊಬ್ಬ ಮಗಗ ದಿನಾ ಅಕಿ ಬಾಯಿಲೇ ಬರಬೇಕು. ರೊಟ್ಟಿ ಹ್ಯಾಂಗ ಇಳೀಬೇಕು? ಇದು ಸಂಕಟದ ಬ್ಯಾನಿ, ಎಣ್ಣಿಗಿ ಹೋಗಂಗಿಲ್ಲ.”

ಮೂಲೆಯಲ್ಲಿದ್ದ ಕಲ್ಯಾಣಪ್ಪ ಬಾಯಿ ತೆರೆದ: “ಯವ್ವಾ, ಅವಗ ಹೇಳು...”

ಸೂಗಮ್ಮ ಕಣ್ಣು ಮುಚ್ಚಿದಳು. ಅದನ್ನು ಕಂಡು ಅವನ ಮಾತು ನಿಂತಿತು. ತಡವರಿಸಿ, ಅಣ್ಣನ ಕಡೆ ತಿರುಗಿದ.

“ಅಣ್ಣಾ, ಬಟ್ಟಲಾ ಕೆಳಗ ಇಡು.”

ಆಮೇಲೆ ಇಬ್ಬರೂ ಒಂದು ತಾಸು ಮುಖಾಮುಖಿ ಜಗಳಾಡಿದರು. ಆಡಲಿ. ನಡುವೆ ಮುದುಕಿ ಇರಲಿಲ್ಲ. ಹಮೀದಾಬಿಯ ಜೊತೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು.

ಶಹಾಬಾದ, ವಾಡಿ, ಚಿತ್ತಾಪುರದ ಅಣ್ಣಂದಿರೇ, ಅಕ್ಕಂದಿರೇ, ಮನೆಯ ಹಿರಿಯರು ಊಟ ಬಿಟ್ಟರೆ, ಮಾತು ಬಿಟ್ಟರೆ, ವಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಏನು ಸಂಕಟ ಎಂದು ಕೇಳಿ. ನಿಮ್ಮ ಜಗಳವನ್ನು ಅವರ ಬಾಯಿಗೆ ತುರುಕಬೇಡಿ. ಇವತ್ತು ಊಟಕ್ಕೆ ಕೂತಾಗ, ಅಣ್ಣನಿಗೆ ಹೇಳುವುದನ್ನು ಅಣ್ಣನಿಗೇ ಹೇಳಿ.