ಮೊದಲ ಸಾಲಿನ ದೇಶ

"ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ ಮನುಷ್ಯ, ತಮ್ಮ ಅಂಗಿ ಮಾತ್ರ ಹೀಗೆ ಮುದುರಿ ಇಟ್ಟಿದಾರೆ ನೋಡಿ," ಎನ್ನುತ್ತ ಪಕ್ಕದ ಮನೆಯ ದರ್ಜಿಯವಳು ಹೆಣದ ಕಾಲರನ್ನು ಅಂಗೈಯಿಂದ ಉಜ್ಜುತ್ತಿದ್ದಳು. "ಚಿಕ್ಕಮ್ಮ, ತೋಳು ಸ್ವಲ್ಪ ಎತ್ತಿ."

ಚಿಕ್ಕಮ್ಮ ಗಂಡನ ತೋಳು ಎತ್ತಿ ಹಿಡಿದಳು. ಓಣಿಗೆಲ್ಲ ಅವಳು ಚಿಕ್ಕಮ್ಮ. ಮಹಡಿಯ ಮೇಲಿನ ಈ ಎರಡು ಕೋಣೆಗಳಿಗೆ ಬಂದಾಗ ಅವಳಿಗೆ ಮೂವತ್ತು ದಾಟಿರಲಿಲ್ಲ, ಈಗ ಎಪ್ಪತ್ತಾಗಿತ್ತು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಕಲ್ಲೆದೆ ಎಂದು ಮೆಟ್ಟಿಲ ಮೇಲೆ ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು.

"ನಿಮ್ಮ ಅಕ್ಕನಿಗೆ ಫೋನ್ ಮಾಡಿದ್ರಾ?"

"ಮಾಡಿದೆ. ಕಣ್ಣು ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ನಿನ್ನ ಮುಖ ನೋಡಬೇಕು, ಈಗಲಾದ್ರೂ ಬಾರೇ ಅಂದ್ಲು."

"ನೀವೇನಂದ್ರಿ?"

"ಯಾವ ಕಾಗದ ಹಿಡ್ಕೊಂಡು ಬರ್ಲಿ ಅಂದೆ."

ಗಂಡ ಕತೆಗಾರ. ಹುಟ್ಟಿದ ದೇಶದ ಸರಕಾರಕ್ಕೆ ಅವನ ಕತೆಗಳು ಸೇರಲಿಲ್ಲ. ಗಂಡಹೆಂಡತಿ ಇಲ್ಲಿಗೆ ಓಡಿ ಬಂದ ಮೇಲೆ ಅಲ್ಲಿಯವರು ಇಬ್ಬರ ಪಾಸ್‌ಪೋರ್ಟನ್ನೂ ಪೌರತ್ವವನ್ನೂ ರದ್ದು ಮಾಡಿದರು. ಆಮೇಲೆ ಅಲ್ಲಿ ಸರಕಾರ ಬದಲಾಯಿತು, ಹಳೆಯ ಪೌರತ್ವ ಮರಳಿ ಸಿಗದಿದ್ದರೂ ಹೋಗಿ ಬರಲು ಅಡ್ಡಿ ಇರಲಿಲ್ಲ, ಆದರೆ ಯಾವುದಾದರೂ ಒಂದು ದೇಶದ ಪೌರತ್ವ ಇರಬೇಕಿತ್ತು. ಈ ದೇಶದವರು ಕೊಡುತ್ತೇವೆ ಎಂದರೂ ಅವನು ಬೇಡವೆಂದ. ಅತ್ತ ದರಿ ಇತ್ತ ಪುಲಿ ಎನ್ನುವ ಹಾಗೆಯೂ ಇರಲಿಲ್ಲ ಅವಳ ಪಾಡು. ಪುಲಿ ಬಾಗಿಲು ತೆರೆದು ಕರೆಯುತ್ತಿತ್ತು, ಗಂಡನೇ ಅಡ್ಡ ನಿಂತಿದ್ದ.

*

ಆಗ ಇಬ್ಬರಿಗೂ ಇನ್ನೂ ಕೂದಲು ಕಪ್ಪಗಿತ್ತು. ಪೌರತ್ವದ ಅರ್ಜಿಗಳನ್ನು ತುಂಬಿ, ಸಹಿಯೊಂದು ಬಾಕಿ ಎಂದು ಅವಳು ಊಟದ ಮೇಜಿನ ಮೇಲೆ ಇಟ್ಟಿದ್ದಳು. ಅವನು ಇಸ್ತ್ರಿ ಅಂಗಡಿಯಿಂದ ನೇರ ಮನೆಗೆ ಬರಲಿಲ್ಲ, ಗ್ರಂಥಾಲಯಕ್ಕೆ ಹೋಗಿ ಬಂದ. ಮುಖ ಸಪ್ಪಗಿತ್ತು.

"ಲೇಖಕರ ಕೋಶ ನೋಡ್ದೆ ಕಣೇ. ನಮ್ಮೂರಿಂದ ಬಂದಿದ್ನಲ್ಲ ಆ ಕಾದಂಬರಿಕಾರ, ಹೋದ ವರ್ಷ ಸತ್ತನಲ್ಲ, ಅವನನ್ನ ಸೇರಿಸಿದಾರೆ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಮೊದಲನೇ ಸಾಲೇ 'ಈ ದೇಶದ ಕಾದಂಬರಿಕಾರ' ಅಂತ ಶುರುವಾಗುತ್ತೆ. ಇಲ್ಲಿನ ಪೌರತ್ವ ತಗೊಂಡಿದ್ನಲ್ಲ, ಅದಕ್ಕೇ. ಹೆತ್ತ ತಾಯಿಯನ್ನೇ ಬದಲಾಯಿಸಿಬಿಟ್ರು."

ಆ ಕೋಶದಲ್ಲಿ ಸತ್ತವರಿಗಷ್ಟೇ ಜಾಗ. ಪ್ರತಿಯೊಬ್ಬರದೂ ಮೊದಲ ಪದವೇ ಅವರ ದೇಶ. ತಾನು ಸತ್ತ ಮೇಲೆ ತನ್ನ ಹೆಸರಿನ ಮುಂದೆ ಯಾವ ದೇಶ ಬರುತ್ತದೆ ಎಂಬ ಚಿಂತೆ, ಅರ್ಧ ಹೊಟ್ಟೆ ತುಂಬಿಸುವ ಕೆಲಸವಿದ್ದ ಆ ಮನುಷ್ಯನಿಗೆ ಅಂದೇ ಹತ್ತಿಕೊಂಡಿತು. ಅರ್ಜಿಗೆ ಸಹಿ ಬೀಳಲಿಲ್ಲ.

"ನೀವು ಬಿಡಿ. ನಾನೊಬ್ಬಳೇ ತಗೋತೀನಿ," ಎಂದಳು ಅವಳು.

"ಗಂಡ ಒಂದು ದೇಶ, ಹೆಂಡತಿ ಒಂದು ದೇಶ ಆಗೋಣ್ವಾ?"

ಅವನು ಗದರಿಸಲಿಲ್ಲ, ಗೋಗರೆದ. ಗದರಿಸಿದ್ದರೆ ಅವಳು ಕೇಳುತ್ತಿರಲಿಲ್ಲವೇನೋ. ಅವಳ ತಾಯಿ ಸತ್ತಾಗಲೂ ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಅಲ್ಲಿಯ ಅಳುವನ್ನು ಕೇಳಿಸಿಕೊಂಡಳಷ್ಟೇ. ಅವನು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದ. ಬೆನ್ನು ಸವರುವ ಆ ಕೈಯನ್ನು ಅವಳು ಪ್ರೀತಿಸುತ್ತಿದ್ದಳು, ಅದೇ ಅವಳ ಕಷ್ಟವಾಗಿತ್ತು.

*

ಹೆಣ ಎತ್ತುವ ಹೊತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವನು ಆ ಕೋಶದ ಸಂಪಾದಕ. ವರ್ಷಗಟ್ಟಲೆ ಭಾನುವಾರಗಳಂದು ಈ ಮನೆಯಲ್ಲಿ ಚಹಾ ಕುಡಿದವನು. ಟೋಪಿ ತೆಗೆದು, ಸತ್ತ ಗೆಳೆಯನ ಕಾಲ ಬಳಿ ನಿಂತು ಕಣ್ಣೊರೆಸಿಕೊಂಡ.

"ಇದನ್ನ ಹೇಳೋ ಹೊತ್ತಲ್ಲಮ್ಮ. ಆದ್ರೂ ನಿಮಗೆ ಸಮಾಧಾನ ಆಗ್ಲಿ ಅಂತ. ಹೊಸ ಆವೃತ್ತಿ ಅಚ್ಚಿಗೆ ಹೋಗ್ತಿದೆ, ಅದರಲ್ಲಿ ಇವರೂ ಇರ್ತಾರೆ."

"ಮೊದಲು ಯಾವ ದೇಶ ಹಾಕ್ತೀರಿ?"

"ಇದೇನು ಕೇಳ್ತೀರಿ? ನೀವು ಹುಟ್ಟಿದ ದೇಶಾನೇ."

ಅವಳ ಎದೆ ಹಗುರಾಯಿತು. ಕೊನೆಗೂ ಅವನ ಹಟ ಗೆದ್ದಿತ್ತು. "ಇಲ್ಲಿನ ಪೌರತ್ವ ತಗೊಳ್ಳದೇ ಇದ್ದಿದ್ದು ಒಳ್ಳೇದೇ ಆಯ್ತು ಹಾಗಾದ್ರೆ."

ಸಂಪಾದಕ ಹುಬ್ಬು ಗಂಟಿಕ್ಕಿದ. "ಪೌರತ್ವಕ್ಕೂ ನಮ್ಮ ಕೋಶಕ್ಕೂ ಏನು ಸಂಬಂಧ? ನಾವು ಯಾರ ಕಾಗದಾನೂ ನೋಡಲ್ಲ. ಯಾವ ಭಾಷೇಲಿ ಬರೆದ್ರೋ ಆ ಭಾಷೆಯ ದೇಶ. ಮೊದಲಿಂದ್ಲೂ ಅದೇ ಪದ್ಧತಿ."

"ಮತ್ತೆ ಆ ಕಾದಂಬರಿಕಾರ?"

"ಅವನು ಬರೆದಿದ್ದೆಲ್ಲ ಇಲ್ಲಿನ ಭಾಷೇಲಿ. ಅದಕ್ಕೆ ಇಲ್ಲಿಯವನಾದ."

"ನಮ್ಮವರು ಪೌರತ್ವ ತಗೊಂಡಿದ್ರೂ ನೀವು ಇದನ್ನೇ ಹಾಕ್ತಿದ್ರಾ?"

"ಇದನ್ನೇ."

ದರ್ಜಿಯವಳ ಕೈ ಕಾಲರಿನ ಮೇಲೆಯೇ ನಿಂತಿತು. ಚಿಕ್ಕಮ್ಮ ಹೆಣವನ್ನೂ ಸಂಪಾದಕನನ್ನೂ ಸರದಿಯಂತೆ ನೋಡಿದಳು.

"ಅವರು ನಿಮ್ಮನ್ನ ಕೇಳಲೇ ಇಲ್ವಾ?"

"ಒಂದು ದಿನಾನೂ ಇಲ್ಲ. ನಾನಾಗಿ ಮಾತು ತೆಗೆದ್ರೆ, ಅವರು ಸಾಯೋದನ್ನೇ ಕಾಯ್ತಿದೀನಿ ಅಂದ್ಕೊಂಡಾರು ಅಂತ ನಾನೂ ಸುಮ್ಮನಿದ್ದೆ."

ಅವನು ಯಾಕೆ ಕೇಳಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೇಳಿದರೆ ಕೋಶದಲ್ಲಿ ಜಾಗಕ್ಕಾಗಿ ಕೈಚಾಚಿದ ಹಾಗಾಗುತ್ತದೆ. ಇಬ್ಬರು ಮರ್ಯಾದಸ್ಥರು ಎದುರುಬದುರು ಕೂತು ಚಹಾ ಹೀರಿದ್ದರು, ಅವಳು ಲೋಟ ತೊಳೆದಿದ್ದಳು. ಹೆಣದ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿ ಬೈಯಬೇಕು ಎನಿಸುವಷ್ಟು ಸಿಟ್ಟು ಬಂತು ಅವಳಿಗೆ.

"ನನ್ನ ವಿಷಯ ಏನಾದ್ರೂ ಬರೀತೀರಾ ಅದರಲ್ಲಿ?"

"ಹೆಂಡತಿಯರದ್ದು ಬರೆಯೋ ಪದ್ಧತಿ ಇಲ್ಲಮ್ಮ," ಎಂದ ಸಂಪಾದಕ, ನೊಂದ ದನಿಯಲ್ಲಿ.

ಮಣ್ಣು ಮಾಡಿದರು. ಬಂದವರು ಒಬ್ಬೊಬ್ಬರಾಗಿ ಕೈ ಹಿಡಿದು ಹೇಳಿ ಹೋದರು. ಸ್ಮಶಾನದ ಗೇಟಿನಲ್ಲಿ ದರ್ಜಿಯವಳು ಮನೆಯ ದಾರಿಗೆ ತಿರುಗಿದರೆ ಚಿಕ್ಕಮ್ಮ ಪೇಟೆಯ ದಾರಿ ಹಿಡಿದಳು.

"ಎಲ್ಲಿಗೆ, ಚಿಕ್ಕಮ್ಮ?"

"ಪೌರತ್ವದ ಕಚೇರಿಗೆ."

"ಇವತ್ತೇನಾ? ಜನ ಏನಂತಾರೆ? ನಾಳೆ ಹೋದರಾಯ್ತಪ್ಪ."

"ನಾಳೆ ಹೊತ್ತಿಗೆ ನಮ್ಮವರ ಮೇಲೆ ಅಯ್ಯೋ ಅನಿಸುತ್ತೆ ಕಣೇ. ಆಮೇಲೆ ನನ್ನ ಕೈಲಾಗಲ್ಲ."

ದರ್ಜಿಯವಳೂ ಅವಳ ಹಿಂದೆಯೇ ನಡೆದಳು. ಕಚೇರಿಯಲ್ಲಿ ಮೊದಲು ಫೋಟೋ ತೆಗೆಸಬೇಕಿತ್ತು. ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಅವಳನ್ನು ಕೂರಿಸಿದರು. ಫೋಟೋದವನು ಗಲ್ಲ ಎತ್ತಿ ಎಂದ, ಎತ್ತಿದಳು. ನೇರ ನೋಡಿ ಎಂದ, ನೋಡಿದಳು. ದೀಪ ಮುಖದ ಮೇಲೆ ಬಿತ್ತು. ಬೆಳಗಿನಿಂದ ಬಾರದ ಅಳು ಆಗ ಬಂತು.

"ಅಮ್ಮ, ಅಳೋ ಮುಖದ ಫೋಟೋ ನಡೆಯಲ್ಲ. ಒರೆಸ್ಕೊಳ್ಳಿ."

ಒರೆಸಿಕೊಂಡಳು. ಮತ್ತೆ ಬಂತು. ಅವನು ಕ್ಯಾಮೆರಾದಿಂದ ತಲೆ ಎತ್ತಿ, ಸಾಲಿನಲ್ಲಿ ನಿಂತವರತ್ತ ನೋಡಿದ. ಯಾರೂ ಗೊಣಗಲಿಲ್ಲ. ದರ್ಜಿಯವಳು ಎಬ್ಬಿಸಲು ಬಂದು ಅವಳ ಭುಜ ಮುಟ್ಟಿದಳು. ಚಿಕ್ಕಮ್ಮ ಎರಡೂ ಕೈಯಿಂದ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಗಲ್ಲ ಇಳಿಸದೆ, ಕಣ್ಣು ಮುಚ್ಚದೆ, ಕೆನ್ನೆಯ ಮೇಲೆ ನೀರು ಹರಿಯುತ್ತಿರಲು, ಕ್ಯಾಮೆರಾವನ್ನೇ ನೋಡುತ್ತ ಕೂತಳು.