ಅರ್ಧ ಇಂಚು

ಸತ್ತ ಮನೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು.

ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕಟಕಟ ಎಂದು ಓಡಿ ನಿಂತಿತು. ಮತ್ತೆ ಕಟಕಟ.

"ಏನ್ರೀ ಇದು, ಇವತ್ತೂ ಯಾರಿಗೋ ಹೊಲಿದು ಕೊಡ್ತಿದಾರಾ?" ಎದುರುಮನೆ ಮೇಷ್ಟ್ರು ಪಿಸುಗುಟ್ಟಿದರು.

"ಸುಮ್ನಿರಿ. ಕೈ ಖಾಲಿ ಇದ್ರೆ ತಲೆ ಕೆಡುತ್ತೆ ಪಾಪ ಆ ಮನುಷ್ಯನಿಗೆ" ಎಂದು ಮೇಷ್ಟ್ರ ಹೆಂಡತಿ ಮೊಣಕೈಯಿಂದ ತಿವಿದಳು.

ಒಳಗೆ ದರ್ಜಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಹೆಂಡತಿಯ ಬಿಳಿ ಕೋಟನ್ನು ಹೊಲಿಯುತ್ತಿದ್ದ. ಆಸ್ಪತ್ರೆಗೆ ಹಾಕಿಕೊಂಡು ಹೋಗುವ ಕೋಟು. ಅದರಲ್ಲೇ ಕಳಿಸಿಕೊಡೋಣ ಎಂದು ಅವಳ ಜೊತೆಯ ನರ್ಸುಗಳೆಲ್ಲ ಕೇಳಿಕೊಂಡಿದ್ದರು. ಆಗಲಿ ಎಂದಿದ್ದ. ಆದರೆ ಕೋಟು ಕೈಗೆ ಬಂದದ್ದೇ ತಡ, ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಯಂತ್ರದ ಮುಂದೆ ಕೂತುಬಿಟ್ಟಿದ್ದ.

ಹೆಂಡತಿಯ ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಭಾವ, ಅಕ್ಕನಿಗೆ ಸ್ನಾನ ಆಯ್ತು. ಕೋಟು ಕೊಡಿ."

"ಎಡಗಡೆ ಆಯ್ತು. ಬಲಗಡೆ ಇನ್ನೊಂದು ಚೂರು."

"ಈಗ ಯಾಕೆ ಭಾವ ಇದೆಲ್ಲ?"

"ಸಡಿಲ ಆಗಿತ್ತು ಕಣಮ್ಮ."

ಅವಳು ಬಗ್ಗಿ ನೋಡಿದಳು. ಹಳೆಯ ಹೊಲಿಗೆಯ ಸೂಜಿ ತೂತುಗಳು ಬಟ್ಟೆಯ ಮೇಲೆ ಇನ್ನೂ ಕಾಣುತ್ತಿದ್ದವು. ದರ್ಜಿ ಒಂದೊಂದು ತೂತನ್ನೂ ಹುಡುಕಿ ಹುಡುಕಿ ಅದರ ಮೇಲೇ ದಾರ ಹಾಯಿಸುತ್ತಿದ್ದ. ಎಲ್ಲಿ ಬಿಚ್ಚಿದ್ದನೋ ಅಲ್ಲಿಗೇ, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ.

"ಅದಿರಲಿ, ಅಕ್ಕನ ಚಪ್ಪಲೀಲಿ ಒಂದೇ ಇದೆ ಭಾವ ಬಾಗಿಲಲ್ಲಿ. ನಿಮ್ಮದೂ ಒಂದೇ. ಇನ್ನೊಂದೊಂದು ಎಲ್ಲಿ ಹೋಯ್ತು? ಬರೋರು ಹೋಗೋರು ತುಳಿದು ಎಲ್ಲಾದ್ರೂ ಎಸೆದ್ರಾ ಅಂತ ಬೀದಿಯೆಲ್ಲ ನೋಡ್ದೆ."

ದರ್ಜಿಯ ಕಿವಿಗೆ ಅದು ಬೀಳಲೇ ಇಲ್ಲ. ದಾರ ಕತ್ತರಿಸಿ ಕೋಟು ಕೊಡವಿ ಅವಳ ಕೈಗಿಟ್ಟ. ಮೇಲಿನ ಜೇಬಿನ ಪಕ್ಕದ ಸಣ್ಣ ಜೇಬಿನಲ್ಲಿ ಗಿಡ್ಡ ಪೆನ್ಸಿಲು ಹಾಗೇ ಇತ್ತು.

*

ಆ ಪೆನ್ಸಿಲಿಗಾಗಿಯೇ ಊರಿನಲ್ಲಿ ಅವಳಿಗೆ ಪಟ್ಟಿಯಕ್ಕ ಎಂದು ಹೆಸರು. ಮೂವತ್ತಾರು ವರ್ಷ ಅವಳು ಆಸ್ಪತ್ರೆಯಲ್ಲಿ ಮಾಡಿದ್ದು ಒಂದೇ ಕೆಲಸ: ಜನರನ್ನು ಮಂಚದ ಮೇಲೆ ಮಲಗಿಸಿ, ಕೈಕಾಲಿಗೆ ಕ್ಲಿಪ್ಪು ಸಿಕ್ಕಿಸಿ, ಎದೆಯ ಮೇಲೆ ಆರು ಬಟ್ಟಲು ಅಂಟಿಸಿ, ಹೃದಯದ ಗೆರೆಯನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಇಳಿಸುವುದು. ತಣ್ಣಗಿನ ಬಟ್ಟಲು ತಗುಲಿ ಯಾರೂ ಬೆಚ್ಚಬಾರದೆಂದು ಮೊದಲು ಅದನ್ನು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುವಳು. ಆಮೇಲೆ ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಒಂದೆರಡು ಸಾಲು. ಬೇರೆ ಯಾವ ಆಸ್ಪತ್ರೆಯಲ್ಲೂ ಹಾಗೆ ಬರೆಯುವವರಿಲ್ಲ.

ಅದು ಶುರುವಾದದ್ದು ಈ ದರ್ಜಿಯಿಂದಲೇ. ಆಗ ಅವನಿಗೆ ಇಪ್ಪತ್ತೈದು. ಒಂದು ಕಾರ್ಖಾನೆಯಲ್ಲಿ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿ, ಆರೋಗ್ಯದ ಸರ್ಟಿಫಿಕೇಟಿಗೆ ಬಂದಿದ್ದ. ಹೊಸದಾಗಿ ಸೇರಿದ ಹುಡುಗಿ ಅವನ ಮಣಿಕಟ್ಟು ಹಿಡಿದಳು. ಪಟ್ಟಿ ಹೊರಬಂತು: ನಿಮಿಷಕ್ಕೆ ನೂರ ಹದಿನೆಂಟು ಬಡಿತ. ಆಗಿದ್ದ ಹಿರಿಯ ಡಾಕ್ಟರು ಗಾಬರಿಯಾಗಿ, ಇವನನ್ನು ಅಡ್ಮಿಟ್ ಮಾಡಿ ಎಂದರು. ಹುಡುಗಿ ಪಟ್ಟಿ ವಾಪಸು ತೆಗೆದುಕೊಂಡು ಹಿಂದೆ ಬರೆದಳು: "ಕೈ ಹಿಡಿದವಳು ನಾನು ಎಂಬುದನ್ನು ಗಮನಿಸಿ. ವಾರ್ಡಿನ ಅಣ್ಣ ಇನ್ನೊಮ್ಮೆ ತೆಗೆಯಲಿ." ಮೀಸೆ ಹೊತ್ತ ವಾರ್ಡಿನ ಅಣ್ಣ ತೆಗೆದ. ಎಪ್ಪತ್ತೆರಡು.

"ನಿಮ್ಮದೇನೂ ಕಾಯಿಲೆ ಅಲ್ಲ" ಎಂದು ಅವಳು ನಗು ಬಿಗಿಹಿಡಿದು ಹೇಳಿದ್ದಳು. ಎಂಟು ತಿಂಗಳಿಗೆ ಮದುವೆಯಾಯಿತು. ಆ ಪಟ್ಟಿ ಅವನ ಕತ್ತರಿ ಡಬ್ಬಿಯಲ್ಲಿ ಈಗಲೂ ಇದೆ. ಶಾಖಕ್ಕೆ ಮೂಡುವ ಗೆರೆ ಅದು, ಕಾಲ ಕಳೆದಂತೆ ಮಾಸಿ ಕಾಗದ ಬೆಳ್ಳಗಾಗಿದೆ. ಹಿಂದಿನ ಪೆನ್ಸಿಲ್ ಅಕ್ಷರ ಮಾತ್ರ ಅಲ್ಲಾಡಿಲ್ಲ.

*

ಹಜಾರದಲ್ಲಿ ಮಾತು ಅವಳ ಪಟ್ಟಿಗಳ ಕಡೆಗೇ ತಿರುಗಿತ್ತು.

"ನನ್ನದರ ಹಿಂದೆ ಏನು ಬರೆದಿದ್ರು ಗೊತ್ತಾ?" ಬಸ್ ಕಂಡಕ್ಟರ್ ಹೇಳುತ್ತಿದ್ದ. "‘ಲಿಫ್ಟ್ ಕೆಟ್ಟಿದೆ, ಮೂರು ಮಹಡಿ ಓಡಿ ಹತ್ತಿ ಬಂದಿದ್ದಾನೆ, ಜೊತೆಗೆ ಕೆಳಗೆ ಕಾವಲುಗಾರನ ಹತ್ರ ಜಗಳ. ಹತ್ತು ನಿಮಿಷ ಕೂರಿಸಿ.’ ಇಲ್ದಿದ್ರೆ ಅವತ್ತು ನನ್ನ ಎದೆ ಕೊಯ್ದೇ ಬಿಡ್ತಿದ್ರು."

"ನಂದೇ ಹೇಳ್ತೀನಿ ಕೇಳಿ" ಎಂದಳು ಮೇಷ್ಟ್ರ ಹೆಂಡತಿ. "‘ಪಕ್ಕದಲ್ಲಿ ಗಂಡ ನಿಂತಿದ್ದಾರೆ. ಹೊರಗೆ ಕಳಿಸಿ ಎರಡನೇ ಸಲ ತೆಗೆದೆ, ಸರಿ ಬಂತು.’"

ಮೇಷ್ಟ್ರು ಸೇರಿ ಎಲ್ಲರೂ ನಕ್ಕರು. ಸತ್ತ ಮನೆ ಎಂಬುದು ನೆನಪಾಗಿ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿಕೊಂಡರು.

"ನಗಿ, ಪರವಾಗಿಲ್ಲ" ಎಂದ ದರ್ಜಿ ಬಾಗಿಲಲ್ಲಿ ನಿಂತು. "ಮಂಚದ ಮೇಲೆ ಮಾತ್ರ ನಗಬೇಡಿ ಅನ್ನೋಳು. ಎದೆ ಕುಲುಕಿದ್ರೆ ಗೆರೆ ನಡುಗುತ್ತಂತೆ. ಹೃದಯದ್ದಲ್ಲ, ಮೇಲಿನ ಸ್ನಾಯುದ್ದು. ಓದೋರಿಗೆ ಮೋಸ ಆಗುತ್ತೆ ಅನ್ನೋಳು."

ಅವಳಿಂದ ಅವನು ಕಲಿತದ್ದು ಇಂಥ ಎಷ್ಟೋ ಇತ್ತು. ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೃದಯವೂ ಒಂದು ನೆಂಟರ ಸುದ್ದಿ. "ಒಳಗೆ ನಾಲ್ಕು ಕೋಣೆ ರೀ, ನಡುವೆ ಬಾಗಿಲು. ಒಂದು ಸಲ ಮುಚ್ಚೋವಾಗ ದಪ್ಪಗೆ ಸದ್ದು, ಇನ್ನೊಂದು ಸಲ ಚುಟುಕಾಗಿ. ಒಂದೇ ಥರ ಎರಡು ಸದ್ದು ಬಂದ್ರೆ ಏನೋ ಎಡವಟ್ಟು ಅಂತಲೇ ಲೆಕ್ಕ." ಇನ್ನೊಂದು ದಿನ, "ಕೋಣೆ ತುಂಬ ರಕ್ತ ಇಟ್ಕೊಂಡಿದ್ರೂ ಅದರಿಂದ ಒಂದು ಗುಟುಕು ತಾನು ತಗೊಳ್ಳಲ್ಲ. ಹೊರಗಡೆ ಮೈಮೇಲೆ ಹಬ್ಬಿರೋ ಎರಡು ಸಣ್ಣ ನಾಳದಿಂದ ಬಂದ್ರೇ ಅದಕ್ಕೆ ಊಟ. ಬಡಿಸೋಕೆ ನಿಂತ ಹೆಂಗಸಿನ ಥರ ನೋಡಿ."

"ಆ ಹೆಂಗಸು ಈಗ ಕೂತು ಉಣ್ಣಲಿ" ಎಂದು ಅವನು ತಟ್ಟೆ ಅವಳ ಕಡೆ ತಳ್ಳುತ್ತಿದ್ದ.

"ನಾವಿಬ್ಬರೂ ಊರಿನ ಎದೆ ಅಳೆಯೋರೇ" ಎಂದು ಗಿರಾಕಿಗಳ ಮುಂದೆ ಜಂಬ ಬೇರೆ ಕೊಚ್ಚುತ್ತಿದ್ದ. "ಹೊರಗಡೆ ನನ್ನದು, ಒಳಗಡೆ ಅವಳದು."

ಹೆಂಡತಿಯ ತಂಗಿ ಒಳಗಿನಿಂದ ಬಂದು ಅವನ ತೋಳು ಮುಟ್ಟಿದಳು. ಅತ್ತು ಕೆಂಪಾದ ಕಣ್ಣಿನಲ್ಲೂ ಅವನಿಗೊಂದು ಸಮಾಧಾನದ ಮಾತು ತಂದಿದ್ದಳು.

"ಎಷ್ಟು ಚೆನ್ನಾಗಿ ಕೂತಿದೆ ಭಾವ ಕೋಟು. ಅಚ್ಚುಕಟ್ಟು. ಒಂದಿಷ್ಟೂ ಬಿಗಿ ಇಲ್ಲ."

ದರ್ಜಿ ಗೋಡೆ ಹಿಡಿದುಕೊಂಡ. ಹಾಗೇ ಜಾರಿ ನೆಲದ ಮೇಲೆ ಕೂತ.

*

ಮೂರು ವಾರದ ಹಿಂದೆ ಅವಳು ಕೋಟನ್ನು ಯಂತ್ರದ ಮೇಲೆ ಎಸೆದು ಹೇಳಿದ್ದಳು, "ದರ್ಜಿಗಳೇ, ಎದೆ ಹತ್ರ ಬಿಗಿ. ಸ್ವಲ್ಪ ಬಿಡಿ."

ಅವನು ಟೇಪು ಹಿಡಿದ. ಹಳೆಯ ಅಳತೆಯೇ. "ದಪ್ಪ ಆಗಿಲ್ಲವಲ್ಲೇ."

"ನಿಮ್ಮ ಟೇಪಿಗೆ ವಯಸ್ಸಾಯ್ತು. ಕೊನೇ ಮಹಡಿಗೆ ಹೋಗೋ ಹೊತ್ತಿಗೆ ಹಿಡಿದುಕೊಳ್ಳುತ್ತೆ ನೋಡಿ. ಅಲ್ಲಿ ಐದು ನಿಮಿಷ ಕೂತ್ರೆ ಸರಿ ಹೋಗುತ್ತೆ."

ಕಾಲಿಂಚು ಬಿಟ್ಟ. ವಾರ ಕಳೆದು ಕೋಟು ಮತ್ತೆ ಬಂತು. ಇನ್ನೂ ಕಾಲಿಂಚು ಬಿಟ್ಟ. ಊರಿನವರೆಲ್ಲರನ್ನೂ ‘ಮೆಟ್ಟಿಲು ಹತ್ತಿದ್ರೆ ಎದೆ ಬಿಗಿಯುತ್ತಾ? ಕೂತ್ರೆ ಕಡಿಮೆ ಆಗುತ್ತಾ?’ ಎಂದು ಕೇಳಿ ಕೇಳಿ ಬರೆದುಕೊಂಡವಳಿಗೆ ತನ್ನ ಕೋಟಿನ ಮೇಲೆ ಮಾತ್ರ ಸಿಟ್ಟು. ಗಂಡ ದರ್ಜಿಯಾಗಿದ್ದರೆ ಬಿಗಿತಕ್ಕೆ ಔಷಧ ಮನೆಯಲ್ಲೇ ಇತ್ತಲ್ಲ.

ನಿನ್ನೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಟವಳು ಅವನ ಸ್ಟೂಲಿನ ಮೇಲೆ ಕೂತಳು. ಹಣೆಯಲ್ಲಿ ಬೆವರು. "ರೀ, ಗುಂಡಿ ಬಿಚ್ಚಿ." ಒಂದು ಬಿಚ್ಚಿದ. ಎರಡು ಬಿಚ್ಚಿದ. ಐದೂ ಬಿಚ್ಚಿ ಕೋಟನ್ನು ತೋಳಿನಿಂದ ಎಳೆದು ತೆಗೆದ. ಅವಳು ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಬೇರೆ ಯಾರದೋ ಪಟ್ಟಿ ಓದುವಂತೆ ಮೆಲ್ಲಗೆ ಹೇಳಿದಳು:

"ರೀ, ಇದು ಕೋಟಲ್ಲ."

*

ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಯ ಹೃದಯದ ಡಾಕ್ಟರು ಬಂದರು. ಅವರ ಹಿಂದೆ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು, ಪಟ್ಟಿಯಕ್ಕನ ಮೂವತ್ತು ವರ್ಷದ ಜೊತೆಗಾತಿ ಹಿರಿಯ ನರ್ಸು. ಡಾಕ್ಟರು ಕೈಮುಗಿದು ನೆಲದ ಮೇಲೆ ದರ್ಜಿಯ ಪಕ್ಕದಲ್ಲೇ ಕೂತರು.

"ನಿಮ್ಮ ಹತ್ರ ಒಂದು ಮಾತು ಕೇಳಬೇಕು ಸಾರ್" ಎಂದ ದರ್ಜಿ. ನಿನ್ನೆಯಿಂದ ಅವನನ್ನು ಕೊರೆಯುತ್ತಿದ್ದದ್ದು ಅದೊಂದೇ. "ಸುಳ್ಳು ಹೇಳಬೇಡಿ. ಅವಳು ಮೂರು ವಾರದಿಂದ ಬಿಗಿ ಅಂತಿದ್ಳು. ನಾನು ಕೋಟಿನ ಹೊಲಿಗೆ ಬಿಚ್ಚಿದೆ. ಅರ್ಧ ಇಂಚು. ಮೇಲೆ ಹತ್ತಿದ್ರೆ ಬಿಗಿ, ಕೂತ್ರೆ ಸಡಿಲ ಅಂದ್ಳು. ಬಟ್ಟೆ ಹಾಗೆ ಮಾಡುತ್ತಾ ಸಾರ್? ನಲವತ್ತು ವರ್ಷ ಬಟ್ಟೆ ಹೊಲಿದೋನು ನಾನು. ನನಗೆ ಹೊಳೀಲಿಲ್ಲ. ಆವಾಗಲೇ ನಿಮ್ಮ ಹತ್ರ ಕರ್ಕೊಂಡು ಬಂದಿದ್ರೆ?"

ಡಾಕ್ಟರು ತಮ್ಮ ಕೈಗಳನ್ನು ನೋಡಿಕೊಂಡರು.

"ಬಂದಿದ್ರೆ ನಾಳ ಎಲ್ಲಿ ಕಿರಿದಾಗಿದೆ ಅಂತ ನೋಡಿ ಅವತ್ತೇ ಸ್ಟೆಂಟ್ ಹಾಕ್ತಿದ್ದೆ. ಬಹುಶಃ ಬದುಕ್ತಿದ್ರು."

ಹೆಂಡತಿಯ ತಂಗಿ "ಡಾಕ್ಟ್ರೇ!" ಎಂದಳು.

"ಸುಳ್ಳು ಬೇಡ ಅಂದಿದಾರಮ್ಮ. ಪೂರ್ತಿ ಹೇಳ್ತೀನಿ." ಡಾಕ್ಟರು ದರ್ಜಿಯ ಕಡೆ ತಿರುಗಿದರು. "ನಿನ್ನೆ ಹೃದಯದ ಮುಂದಿನ ದೊಡ್ಡ ನಾಳ ಬುಡದಲ್ಲೇ ಕಟ್ಟಿಕೊಂಡಿತ್ತು. ತಂತಿ ದಾಟಿಸಿದೆ, ಬಲೂನು ಊದಿದೆ, ಸ್ಟೆಂಟೂ ಕೂರಿಸಿದೆ. ನಾಳ ತೆರೀತು. ಸ್ನಾಯು ಮಾತ್ರ ಎಚ್ಚರ ಆಗಲಿಲ್ಲ. ಆದ್ರೆ ಹೋದ ಸೋಮವಾರ ಪಟ್ಟಿಯಕ್ಕ ಮೂರನೇ ಮಹಡಿ ಮೆಟ್ಟಿಲ ಕಂಬಿ ಹಿಡ್ಕೊಂಡು ಕೋಟಿನ ಗುಂಡಿ ಬಿಚ್ಕೊಳ್ತಿದ್ರು. ನಾನು ಎದುರಿಗೇ ನಿಂತಿದ್ದೆ. ಈ ಊರಿನ ಹೃದಯದ ಡಾಕ್ಟರು ನಾನು. ಏನಂದೆ ಗೊತ್ತಾ? ‘ಏನಕ್ಕಾ, ಮನೇಲಿ ದರ್ಜಿ ಇಟ್ಕೊಂಡು ಬಿಗಿ ಕೋಟಾ?’ ಅಂದೆ. ಇಬ್ಬರೂ ನಕ್ಕು ಕೆಲಸಕ್ಕೆ ಹೋದ್ವಿ."

ದರ್ಜಿ ಅವರ ಮುಖ ನೋಡಿದ. ಬೇರೆಯವರ ಪಟ್ಟಿಯನ್ನು ಕಣ್ಣುಮುಚ್ಚಿ ಓದುತ್ತಿದ್ದ ಅವಳಿಗೂ ಗೊತ್ತಾಗಲಿಲ್ಲ, ಈ ಮನುಷ್ಯನಿಗೂ ಗೊತ್ತಾಗಲಿಲ್ಲ. ಅವರ ಅಂಗಿಯ ಸಡಿಲ ಗುಂಡಿಯನ್ನು ಬೆರಳಿನಿಂದ ಮುಟ್ಟಿ, "ಇದು ಬಿದ್ದುಹೋಗುತ್ತೆ ಸಾರ್. ಆಮೇಲೆ ಬನ್ನಿ, ಗಟ್ಟಿ ಮಾಡಿ ಕೊಡ್ತೀನಿ" ಎಂದ.

ಡಾಕ್ಟರು ತಲೆಯಾಡಿಸಿದರು.

ನರ್ಸು ಚೀಲ ಬಿಚ್ಚಿದಳು. "ಅಣ್ಣ, ನಿನ್ನೆ ಪಟ್ಟಿ ತೆಗೆದೋಳು ನಾನು. ಗಾಬರೀಲಿ ಬಟ್ಟಲು ಹಾಗೇ ಅಂಟಿಸಿದೆ. ಅಕ್ಕನೇ ಮಲಗಿದಲ್ಲಿಂದ ‘ಬಟ್ಟಲು ಬೆಚ್ಚಗೆ ಮಾಡ್ಕೊ ಮಾರಾಯ್ತಿ, ತಣ್ಣಗಿದೆ’ ಅಂತ ಬೈದ್ರು. ಗೆರೆ ಬಂದ ಮೇಲೆ ‘ಪೆನ್ಸಿಲ್ ತಗೊ, ಹಿಂದೆ ಬರಿ’ ಅಂದ್ರು. ಹೇಳಿದ್ದನ್ನ ಹೇಳಿದ ಹಾಗೇ ಬರೆದಿದೀನಿ."

ಪಟ್ಟಿ ಅವನ ಕೈಗೆ ಬಂತು. ಗುಡ್ಡದ ಹಾಗೆ ಎದ್ದು ನಿಂತ ಗೆರೆಗಳು; ಅವು ಕೆಟ್ಟವು ಎಂದು ಅವನಿಗೂ ಗೊತ್ತಾಗುತ್ತಿತ್ತು. ನಡುವೆ ಎರಡು ಇಂಚು ಮಾತ್ರ ಗೆರೆ ಗಜಿಬಿಜಿಯಾಗಿ ಕುಣಿದಿತ್ತು. ತಿರುಗಿಸಿದ. ಕನ್ನಡಕ ಮಂಜಾಗಿತ್ತು. ಒರೆಸಿಕೊಂಡು ಓದಿದ:

"ಎರಡನೇ ಸಾಲಿನ ನಡುಕ ಕಾಯಿಲೆಯದಲ್ಲ, ನಗು. ನಮ್ಮ ಮನೆಯವರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನ ಚಪ್ಪಲಿ ಮೆಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅದನ್ನು ಬಿಟ್ಟು ಓದಿ."

ದರ್ಜಿ ಪಟ್ಟಿಯನ್ನು ಮತ್ತೆ ತಿರುಗಿಸಿ ಆ ಎರಡು ಇಂಚಿನ ಮೇಲೆ ಹೆಬ್ಬೆರಳು ಇಟ್ಟ. ತೆಗೆಯಲೇ ಇಲ್ಲ.

"ಒಳಗೆ ಬಿಡೋವಾಗ ಚಪ್ಪಲಿ ಹೊರಗೆ ಬಿಡಿಸಿದ್ವಲ್ಲ, ಅಲ್ಲೇ ಮರೆತು ಬರಿಗಾಲಲ್ಲಿ ಮನೆಗೆ ಬಂದಿದ್ರಿ" ಎಂದು ನರ್ಸು ಚೀಲದಿಂದ ಒಂದು ಅಗಲದ ಕಂದು ಚಪ್ಪಲಿ, ಒಂದು ಸಣ್ಣ ನೀಲಿ ಚಪ್ಪಲಿ ತೆಗೆದು ಹೊಸ್ತಿಲ ಹತ್ತಿರ ಇಟ್ಟಳು.

ಹೊರಗೆ ಗಾಡಿ ಬಂದು ನಿಂತಿತು. ಬಿಳಿ ಕೋಟಿನಲ್ಲಿ ಮಲಗಿದ್ದವಳನ್ನು ಡಾಕ್ಟರು, ಕಂಡಕ್ಟರ್, ಮೇಷ್ಟ್ರು ಎಲ್ಲರೂ ಸೇರಿ ಎತ್ತಿದರು. ಗಾಡಿ ಮೆಲ್ಲಗೆ ಮುಂದೆ, ಜನ ನಡೆದು ಹಿಂದೆ. ಹೆಂಡತಿಯ ತಂಗಿ ಅಭ್ಯಾಸಬಲದಿಂದ ಬಾಗಿ, ನಾಲ್ಕು ಚಪ್ಪಲಿಗಳನ್ನು ಜೋಡಿ ಮಾಡಿಟ್ಟಳು: ಕಂದಿನ ಪಕ್ಕ ಕಂದು, ನೀಲಿಯ ಪಕ್ಕ ನೀಲಿ.

"ತಗೊಳ್ಳಿ ಭಾವ, ನಿಮ್ಮ ಜೊತೆ ಸಿಕ್ತು."

ದರ್ಜಿ ಪಟ್ಟಿಯನ್ನು ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡ. ಹೊಸ್ತಿಲು ದಾಟಿ ಎಡಗಾಲನ್ನು ಕಂದಿನೊಳಗೆ ತೂರಿಸಿದ. ಬಲಗಾಲನ್ನು ನೀಲಿಯೊಳಗೆ ತೂರಿಸಿದ. ಹಿಮ್ಮಡಿ ಎರಡು ಬೆರಳು ಹೊರಗೇ ಉಳಿಯಿತು.

ಗಾಡಿಯ ಹಿಂದೆ ಅವನು ನಡೆದ. ಬೀದಿಯ ಕಲ್ಲಿನ ಮೇಲೆ ಒಂದು ಹೆಜ್ಜೆ ದಪ್ಪಗೆ, ಒಂದು ಹೆಜ್ಜೆ ಚುಟುಕಾಗಿ; ಒಂದು ದಪ್ಪಗೆ, ಒಂದು ಚುಟುಕಾಗಿ.